ಮಾಯದ ಗಾಯ, ಬಡವಾದ ರಕ್ತ

ಮಧುಮೇಹ ಮತ್ತು ಪಾಂಡು ಎಂಬ ಎರಡು ರೋಗಗಳ ಹೆಸರು ನಮ್ಮ ಜನಕ್ಕೆ ಹೊಸದಲ್ಲ. ಮೊದಲನೆಯದನ್ನು ಸಿಹಿಮೂತ್ರವೆಂದೂ ಸಕ್ಕರೆ ಕಾಯಿಲೆಯೆಂದೂ ಕರೆಯುತ್ತೇವೆ. ಎರಡನೆಯದಕ್ಕೆ ಬಹುಮಟ್ಟಿಗೆ ಸಮನಾದುದನ್ನು ಇಂದು ರಕ್ತಹೀನತೆ ಎನ್ನುತ್ತೇವೆ. ಹಳ್ಳಿಯ ಮಾತಿನಲ್ಲಿ 'ಮೈಯಲ್ಲಿ ರಕ್ತ ಇಲ್ಲ' ಎಂದರೆ ಮುಗಿಯಿತು. ಎರಡು ಸಾವಿರ ವರ್ಷಗಳಷ್ಟು ಕಾಲ ಈ ರೋಗಗಳೆರಡೂ ವೈದ್ಯರ ಕಣ್ಣೆದುರಿಗೇ ಇದ್ದವು. ಆದರೆ ಅವುಗಳ ಕಥೆಯನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆಯಲಾಯಿತು. ಒಬ್ಬನೇ ಮನುಷ್ಯನ ಒಂದೇ ಪಾದದಲ್ಲಿ ಅವೆರಡೂ ಸಂಧಿಸುತ್ತವೆ, ಸಂಧಿಸಿದಾಗ ಆ ಪಾದವನ್ನು ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ ಎಂಬ ತಿಳಿವಳಿಕೆ ತೀರ ಈಚಿನದು. ಆ ತಿಳಿವಳಿಕೆ ಹೇಗೆ ಬಂತು, ಬರಲು ಅಷ್ಟು ಕಾಲ ಏಕೆ ಹಿಡಿಯಿತು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದು ಈ ಹೊತ್ತಿನ ಮಾತಿನ ವಸ್ತು.

ನಮ್ಮ ಪ್ರಾಚೀನ ವೈದ್ಯಗ್ರಂಥಗಳಿಂದಲೇ ಆರಂಭಿಸಬಹುದು. ಪ್ರಮೇಹದ ಮುನ್ಸೂಚನೆಗಳನ್ನು ಎಣಿಸುವಾಗ ಚರಕ ಸಂಹಿತೆಯು ಬಾಯಾರಿಕೆಯನ್ನೂ, ಬಾಯಿ ಸಿಹಿಯಾಗುವುದನ್ನೂ, ರೋಗಿಯ ಮೈಗೂ ಮೂತ್ರಕ್ಕೂ ಇರುವೆಗಳು ಮುತ್ತುವುದನ್ನೂ ಹೇಳುತ್ತದೆ. ಅದೇ ಪಟ್ಟಿಯಲ್ಲಿ ಕೈಕಾಲುಗಳು ಉರಿಯುವುದು ಮತ್ತು ಮರಗಟ್ಟುವುದು ಕೂಡ ಸೇರಿದೆ. ಇಂದಿನ ವೈದ್ಯನು ನರಗಳ ಹಾನಿಯೆಂದು ಕರೆಯುವ ಲಕ್ಷಣ ಇದೇ. ಪ್ರಮೇಹದಲ್ಲಿ ಏಳುವ ಬಾವು-ಕುರುಗಳಿಗೆ ಪಿಡಕೆಗಳೆಂದು ಹೆಸರು. ಚರಕದಲ್ಲಿ ಇವು ಏಳು ಬಗೆ, ಸುಶ್ರುತದಲ್ಲಿ ಹತ್ತು ಬಗೆ. ಇವುಗಳ ಚಿಕಿತ್ಸೆಗೆಂದೇ ಸುಶ್ರುತ ಸಂಹಿತೆಯು ಒಂದು ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟಿದೆ.

ಪಾಂಡುರೋಗದ ವಿಚಾರವಾದರೋ ಬೇರೆಯೇ ಅಧ್ಯಾಯ. ಚರಕವು ಅದರ ಕಾರಣಗಳಲ್ಲಿ ಮಣ್ಣು ತಿನ್ನುವುದನ್ನು ಹೆಸರಿಸುತ್ತದೆ. ಲೋಹಭಸ್ಮ ಬೆರೆತ ಔಷಧಗಳನ್ನು ವಿಧಿಸುತ್ತದೆ. ರಕ್ತ ಬಡವಾದವರು ಮಣ್ಣಿಗೆ ಆಸೆಪಡುತ್ತಾರೆ, ಅವರಿಗೆ ಕಬ್ಬಿಣ ಕೊಟ್ಟರೆ ಗುಣ ಕಾಣುತ್ತದೆ ಎಂಬ ಮಾತನ್ನು ಇಂದಿನ ವೈದ್ಯಶಾಸ್ತ್ರವೂ ಅಲ್ಲಗಳೆಯುವುದಿಲ್ಲ. ಹೀಗೆ ಸಿಹಿಮೂತ್ರ, ಮರಗಟ್ಟಿದ ಕಾಲು, ಮಾಯದ ಹುಣ್ಣು, ಬಿಳಿಚಿದ ಮೈ, ಕಬ್ಬಿಣ ಎಲ್ಲವೂ ಆ ಗ್ರಂಥಗಳಲ್ಲಿವೆ. ಆದರೆ ಅವುಗಳನ್ನು ಇಂದು ನಾವು ಪೋಣಿಸುವ ರೀತಿಯಲ್ಲಿ ಪೋಣಿಸುವುದು ಆ ಕಾಲದಲ್ಲಿ ಸಾಧ್ಯವಿರಲಿಲ್ಲ. ರಕ್ತವು ಗಾಳಿಯಿಂದ ಪ್ರಾಣವಾಯುವನ್ನು ಹೊತ್ತು ಅಂಗಾಂಗಗಳಿಗೆ ಒಯ್ಯುತ್ತದೆಂಬುದು ತಿಳಿಯುವವರೆಗೆ ಹುಣ್ಣಿಗೂ ಬಿಳಿಚುವಿಕೆಗೂ ಇರುವ ನಂಟು ತಿಳಿಯುವಂತಿರಲಿಲ್ಲ.

ಯೂರೋಪಿನಲ್ಲಿ ಮಧುಮೇಹದ ಆಧುನಿಕ ಕಥೆ 1776ರಲ್ಲಿ ಒಂದು ಮುಖ್ಯ ಘಟ್ಟವನ್ನು ಮುಟ್ಟಿತು. ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್ನನು ರೋಗಿಯ ಮೂತ್ರವನ್ನು ಬತ್ತಿಸಿ, ಉಳಿದ ಪದಾರ್ಥ ಸಕ್ಕರೆಯೇ ಎಂದು ತೋರಿಸಿದನು. ರಕ್ತದ ನೀರೂ ಸಿಹಿಯಾಗಿರುವುದನ್ನು ಅವನು ಗಮನಿಸಿದನು. ಆದರೂ ಕಾಲಿನ ಕೊಳೆತಕ್ಕೂ ಈ ಸಕ್ಕರೆಗೂ ಸಂಬಂಧವುಂಟೆಂದು ಒತ್ತಿ ಹೇಳಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. 1852ರಲ್ಲಿ ಫ್ರಾನ್ಸಿನ ಮಾರ್ಷಲ್ ದ ಕಾಲ್ವಿ ಎಂಬ ವೈದ್ಯನು ಮಧುಮೇಹವೇ ಗ್ಯಾಂಗ್ರೀನಿಗೆ, ಎಂದರೆ ಅಂಗ ಕಪ್ಪಾಗಿ ಕೊಳೆಯುವುದಕ್ಕೆ, ಕಾರಣವಾಗಬಲ್ಲದೆಂದು ವಾದಿಸಿದನು. 1887ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಡೇವೀಸ್ ಪ್ರೈಸ್ ಎಂಬಾತನು ಎರಡೂ ಅಂಗಾಲುಗಳಲ್ಲಿ ಆಳವಾದ ಹುಣ್ಣುಗಳಿದ್ದ ಒಬ್ಬ ಮಧುಮೇಹಿಯ ವೃತ್ತಾಂತವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದನು. ಆ ರೋಗಿಯಲ್ಲಿ ನರಗಳ ದೌರ್ಬಲ್ಯದ ಚಿಹ್ನೆಗಳೂ ಇದ್ದವು. ಅಂದಿನಿಂದ ವೈದ್ಯರಲ್ಲಿ ಎರಡು ಪಕ್ಷಗಳಾದವು. ಪಾದ ಕೆಡುವುದು ರಕ್ತನಾಳಗಳು ಕಟ್ಟಿಕೊಳ್ಳುವುದರಿಂದ ಎಂದು ಒಂದು ಪಕ್ಷ. ನರಗಳು ಸತ್ತು ನೋವು ತಿಳಿಯದೆ ಹೋಗುವುದರಿಂದ ಎಂದು ಇನ್ನೊಂದು ಪಕ್ಷ. ಎರಡೂ ನಿಜವೇ. ಆದರೆ ನಾಳದಲ್ಲಿ ಹರಿಯುವ ರಕ್ತದ ಗುಣವೇನು ಎಂದು ಎರಡು ಪಕ್ಷದವರೂ ಹೆಚ್ಚಾಗಿ ಕೇಳಲಿಲ್ಲ.

ಹಾಗೆ ಕೇಳದಿದ್ದುದಕ್ಕೆ ಒಂದು ಕಾರಣವೂ ಉಂಟು. ಆ ಕಾಲದಲ್ಲಿ ತೀವ್ರ ಮಧುಮೇಹ ಬಂದ ಎಳೆಯರು ಬಹುಕಾಲ ಬದುಕುತ್ತಿರಲಿಲ್ಲ. ಕೆಲವು ತಿಂಗಳುಗಳಲ್ಲಿಯೋ ಒಂದೆರಡು ವರ್ಷಗಳಲ್ಲಿಯೋ ಪ್ರಜ್ಞೆ ತಪ್ಪಿ ತೀರಿಕೊಳ್ಳುತ್ತಿದ್ದರು. ನಿಧಾನವಾಗಿ ಬೆಳೆಯುವ ತೊಡಕುಗಳನ್ನು ಕಾಣಲು ರೋಗಿಯು ಬದುಕಿರಬೇಕಲ್ಲವೆ? 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ತರುಣರು ಇನ್ಸುಲಿನ್ನನ್ನು ಬೇರ್ಪಡಿಸುವ ಪ್ರಯೋಗ ನಡೆಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಸಾಯಬೇಕಾಗಿದ್ದ ಹುಡುಗ ಚೇತರಿಸಿಕೊಂಡನು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಅಂತಹ ಸಂತೋಷದ ದಿನಗಳು ವಿರಳ.

ಆದರೆ ಉಳಿದ ಪ್ರಾಣದೊಡನೆ ಹೊಸ ಕಷ್ಟಗಳೂ ಬಂದವು. ಹತ್ತು, ಇಪ್ಪತ್ತು ವರ್ಷ ಬದುಕಿದ ಮಧುಮೇಹಿಗಳ ಕಣ್ಣು ಮಂಜಾಯಿತು, ಮೂತ್ರಪಿಂಡ ಸೋತಿತು, ಪಾದ ಕೊಳೆಯಿತು. ಅಮೆರಿಕದ ಬಾಸ್ಟನ್ ನಗರದಲ್ಲಿ ಜೀವಮಾನವನ್ನೆಲ್ಲ ಮಧುಮೇಹಿಗಳ ಸೇವೆಗೆ ಮುಡಿಪಿಟ್ಟಿದ್ದ ಎಲಿಯಟ್ ಜೋಸ್ಲಿನ್ ಎಂಬ ವೈದ್ಯನು 1934ರಲ್ಲಿ ಒಂದು ಎಚ್ಚರಿಕೆಯ ಲೇಖನ ಬರೆದನು. ಪ್ರಜ್ಞೆ ತಪ್ಪಿ ಸಾಯುವವರ ಸಂಖ್ಯೆ ಇಳಿಯುತ್ತಿದ್ದರೂ ಕಾಲಿನ ಕೊಳೆತದಿಂದ ಸಾಯುವವರ ಸಂಖ್ಯೆ ಏರುತ್ತಿದೆ ಎಂಬುದು ಅವನ ಕಳವಳ. ಪಾದಗಳನ್ನು ತೊಳೆಯುವುದು, ದಿನವೂ ನೋಡಿಕೊಳ್ಳುವುದು, ಉಗುರು ಕತ್ತರಿಸುವುದು ಮುಂತಾದ ಸಣ್ಣ ವಿಷಯಗಳನ್ನು ರೋಗಿಗೆ ಕಲಿಸುವುದೂ ಚಿಕಿತ್ಸೆಯ ಒಂದು ಭಾಗವೇ ಎಂದು ಅವನು ಸಾರಿದನು. ಕಾಲು ಕಳೆದುಕೊಳ್ಳುವುದು ವಿಧಿಯಲ್ಲ, ಅಜಾಗ್ರತೆಯ ಫಲ ಎಂಬ ನಂಬಿಕೆ ಅಂದು ಬೇರೂರಿತು.

ಈ ಕಥೆಯ ಮುಂದಿನ ಅಂಕ ನಮ್ಮ ನೆರೆಯ ವೇಲೂರಿನಲ್ಲಿ ನಡೆಯಿತೆಂಬುದು ನಮಗೆ ಅಭಿಮಾನದ ಸಂಗತಿ. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದು ಸೇರಿದರು. ಕುಷ್ಠರೋಗಿಗಳ ಬೆರಳುಗಳೂ ಪಾದಗಳೂ ಉದುರಿ ಹೋಗುವುದು ಆ ರೋಗದ ಸಹಜ ಗುಣವೆಂದು ಜನರು ಮಾತ್ರವಲ್ಲ, ವೈದ್ಯರೂ ನಂಬಿದ್ದ ಕಾಲ ಅದು. ಬ್ರ್ಯಾಂಡ್ ಅವರು ಆ ಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿ ಬೇರೆಯೇ ಒಂದು ಸತ್ಯವನ್ನು ಕಂಡರು. ನೋವು ತಿಳಿಯದ ಕಾರಣ ರೋಗಿಯು ಅದೇ ಜಾಗದ ಮೇಲೆ ಮತ್ತೆ ಮತ್ತೆ ಭಾರ ಹಾಕಿ ನಡೆಯುತ್ತಾನೆ. ಗಾಯ ಹುಟ್ಟುವುದು ಆ ಒತ್ತಡದಿಂದ. ಒತ್ತಡವನ್ನು ತಪ್ಪಿಸಿ ಪಾದಕ್ಕೆ ಪ್ಲಾಸ್ಟರು ಹಾಕಿದರೆ ವರ್ಷಗಟ್ಟಲೆ ಮಾಯದಿದ್ದ ಹುಣ್ಣುಗಳೂ ಮಾಯುತ್ತಿದ್ದವು. ಮೆತ್ತನೆಯ ರಬ್ಬರಿನ ಅಟ್ಟೆಯ ಚಪ್ಪಲಿ ಹಾಕಿಸಿದರೆ ಮರಳಿ ಬರುವುದು ಕಡಿಮೆಯಾಗುತ್ತಿತ್ತು. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಎಂಬಲ್ಲಿನ ಕುಷ್ಠರೋಗದ ಆಸ್ಪತ್ರೆಗೆ ಹೋದರು. ನೋವಿನ ಅರಿವು ಕಳೆದುಕೊಂಡ ಮಧುಮೇಹಿಗಳ ಪಾದವೂ ಕುಷ್ಠರೋಗಿಗಳ ಪಾದವೂ ಒಂದೇ ಬಗೆಯಲ್ಲಿ ಕೆಡುತ್ತವೆಂಬುದನ್ನು ಅಲ್ಲಿಂದ ಜಗತ್ತಿಗೆ ತಿಳಿಸಿದರು. ಸಮಾಜವು ದೂರ ತಳ್ಳಿದ್ದ ರೋಗಿಗಳ ಪಾದಗಳಿಂದ ಕಲಿತ ಪಾಠವು ಶ್ರೀಮಂತ ದೇಶದ ಮಧುಮೇಹಿಗಳ ಪಾದಗಳನ್ನು ಕಾಪಾಡಿತು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಒತ್ತಡ ತಪ್ಪಿಸಿಯಾಯಿತು, ಕೀವು ತೆಗೆದಾಯಿತು, ಸಕ್ಕರೆಯನ್ನು ಹತೋಟಿಗೆ ತಂದಾಯಿತು. ಹಾಗಿದ್ದೂ ಕೆಲವರ ಗಾಯ ಮಾಯುವುದಿಲ್ಲ. ಏಕೆ? ಇದಕ್ಕೆ ಉತ್ತರದ ಒಂದು ಭಾಗ ಪಾದದ ಚರಿತ್ರೆಯಲ್ಲಿಲ್ಲ, ರಕ್ತದ ಚರಿತ್ರೆಯಲ್ಲಿದೆ. ನಾವೀಗ ಆ ಇನ್ನೊಂದು ಅಧ್ಯಾಯವನ್ನು ತೆರೆಯಬೇಕು.

ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯನು 1830ರ ದಶಕದಲ್ಲಿಯೇ ಮೂತ್ರಪಿಂಡ ಕೆಟ್ಟ ರೋಗಿಗಳು ಬಿಳಿಚಿಕೊಳ್ಳುವುದನ್ನು ಗುರುತಿಸಿದ್ದನು. ಮೂತ್ರಪಿಂಡಕ್ಕೂ ರಕ್ತದ ಕೆಂಪಿಗೂ ಏನು ಸಂಬಂಧ? 1890ರಲ್ಲಿ ಫ್ರಾನ್ಸಿನ ವಿಯೋ ಎಂಬ ವಿಜ್ಞಾನಿಯು ದಕ್ಷಿಣ ಅಮೆರಿಕದ ಪೆರು ದೇಶದ ಎತ್ತರದ ಪರ್ವತಗಳನ್ನೇರಿದನು. ಅಲ್ಲಿ ಸುಮಾರು ಮೂರು ವಾರಗಳಲ್ಲಿ ಅವನ ರಕ್ತದ ಕೆಂಪುಕಣಗಳು ಘನ ಮಿಲಿಮೀಟರಿಗೆ 50 ಲಕ್ಷದಿಂದ 80 ಲಕ್ಷದ ಸುಮಾರಿಗೆ ಏರಿದವು. ಗಾಳಿಯಲ್ಲಿ ಆಮ್ಲಜನಕ ತೆಳುವಾದರೆ ದೇಹವು ಅದನ್ನು ಹೊರುವ ಆಳುಗಳನ್ನು ಹೆಚ್ಚಿಸಿಕೊಳ್ಳುತ್ತದೆಂಬುದು ಇದರಿಂದ ಸ್ಪಷ್ಟವಾಯಿತು. ಆ ಆಳುಗಳನ್ನು ಕರೆಯುವವರಾರು? 1906ರಲ್ಲಿ ಪ್ಯಾರಿಸ್ಸಿನ ಕಾರ್ನೊ ಮತ್ತು ದೆಫ್ಲಾಂದ್ರ್ ಎಂಬಿಬ್ಬರು, ರಕ್ತ ತೆಗೆದ ಮೊಲದ ರಕ್ತದ್ರವವನ್ನು ಆರೋಗ್ಯವಂತ ಮೊಲಕ್ಕೆ ಚುಚ್ಚಿ, ಕಣಗಳ ಸಂಖ್ಯೆ ಏರಿತೆಂದು ವರದಿ ಮಾಡಿದರು; ರಕ್ತದಲ್ಲಿ ಅಂತಹ ಕರೆಯನ್ನು ಹೊತ್ತೊಯ್ಯುವ ಪದಾರ್ಥವೊಂದಿದೆ ಎಂದರು. ಆ ಪದಾರ್ಥ ಹುಟ್ಟುವುದು ಮುಖ್ಯವಾಗಿ ಮೂತ್ರಪಿಂಡದಲ್ಲಿ ಎಂಬುದನ್ನು 1957ರಲ್ಲಿ ಶಿಕಾಗೊ ನಗರದ ಲಿಯೊನ್ ಜೇಕಬ್‌ಸನ್ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಅದರ ಹೆಸರು ಎರಿತ್ರೋಪೊಯೆಟಿನ್.

ಅದನ್ನು ಶುದ್ಧರೂಪದಲ್ಲಿ ಪಡೆಯಲು ಪಟ್ಟ ಪಾಡು ದೊಡ್ಡದು. ಜಪಾನಿನ ಮಿಯಾಕೆ ಎಂಬ ವೈದ್ಯರು ತೀವ್ರ ರಕ್ತಹೀನತೆಯ ರೋಗಿಗಳಿಂದ 2,550 ಲೀಟರು ಮೂತ್ರವನ್ನು ಸಂಗ್ರಹಿಸಿ, ಒಣಗಿಸಿ, ಶಿಕಾಗೊದ ಯೂಜೀನ್ ಗೋಲ್ಡ್‌ವಾಸರ್ ಅವರಲ್ಲಿಗೆ ಕೊಂಡೊಯ್ದರು. ಅಷ್ಟರಿಂದ ದೊರೆತದ್ದು ಕೆಲವೇ ಮಿಲಿಗ್ರಾಮು. 1977ರಲ್ಲಿ ಆ ಕಾರ್ಯ ಪ್ರಕಟವಾಯಿತು. ಮುಂದೆ ಅದರ ವಂಶವಾಹಿಯನ್ನು ಗುರುತಿಸಿ ಪ್ರಯೋಗಶಾಲೆಯಲ್ಲಿಯೇ ತಯಾರಿಸುವುದು ಸಾಧ್ಯವಾಯಿತು. 1989ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಅದಕ್ಕೆ ಒಪ್ಪಿಗೆ ದೊರೆಯಿತು.

ಈಗ ಎರಡು ಎಳೆಗಳನ್ನು ಸೇರಿಸೋಣ. ಮಧುಮೇಹವು ಮೂತ್ರಪಿಂಡದ ಸೂಕ್ಷ್ಮ ಜಾಲಗಳನ್ನು ಹಾಳುಮಾಡುವ ಬಗೆಯನ್ನು 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ವಿವರಿಸಿದ್ದರು. ಮೂತ್ರಪಿಂಡ ಸೋತರೆ ಎರಿತ್ರೋಪೊಯೆಟಿನ್ ಕಡಿಮೆಯಾಗುತ್ತದೆ. ಅದು ಕಡಿಮೆಯಾದರೆ ಮೂಳೆಯ ಮಜ್ಜೆಯು ಕೆಂಪುಕಣಗಳನ್ನು ಸಾಕಷ್ಟು ಹುಟ್ಟಿಸುವುದಿಲ್ಲ. ಬೇರೆ ಕಾರಣಗಳಿಂದ ಮೂತ್ರಪಿಂಡ ಕೆಟ್ಟವರಿಗಿಂತ ಮಧುಮೇಹಿಗಳಲ್ಲಿ ಈ ರಕ್ತಹೀನತೆಯು ಬೇಗನೆ ತಲೆದೋರುತ್ತದೆ. ಆಸ್ಟ್ರೇಲಿಯದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಮಧುಮೇಹದ ಚಿಕಿತ್ಸೆಗೆ ಬರುತ್ತಿದ್ದ 820 ಮಂದಿಯ ಪೈಕಿ ಶೇಕಡ 23ರಷ್ಟು ಮಂದಿಯಲ್ಲಿ ಯಾರೂ ಗುರುತಿಸದಿದ್ದ ರಕ್ತಹೀನತೆ ಕಂಡುಬಂತು. ಅವರೆಲ್ಲರ ಸಕ್ಕರೆಯನ್ನು ಅಳೆಯಲಾಗುತ್ತಿತ್ತು. ರಕ್ತದ ಬಡತನ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಮೂತ್ರಪಿಂಡವೊಂದೇ ಕಾರಣವಲ್ಲ. ಹುಣ್ಣು ತಾನೇ ರಕ್ತವನ್ನು ಬಡವಾಗಿಸುತ್ತದೆ. ಸೋಂಕು ತಗಲಿ ಕೀವು ತುಂಬಿದ ಗಾಯವು ವಾರಗಟ್ಟಲೆ ಉಳಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಪದಾರ್ಥವನ್ನು ಹೆಚ್ಚಾಗಿ ಸ್ರವಿಸುತ್ತದೆ. ವಿಜ್ಞಾನಿಗಳು ಇದನ್ನು ಗುರುತಿಸಿದ್ದು 2000ದ ಆಸುಪಾಸಿನಲ್ಲಿ. ಇದು ಕಣಜದ ಬಾಗಿಲಿಗೆ ಬೀಗ ಹಾಕುವ ಕಾವಲುಗಾರನಿದ್ದಂತೆ. ದೇಹದ ಸಂಗ್ರಹದಲ್ಲಿ ಕಬ್ಬಿಣವಿದ್ದರೂ ಹೊರಗೆ ಬಿಡುವುದಿಲ್ಲ. ಕರುಳು ಹೊಸದಾಗಿ ಹೀರುವುದನ್ನೂ ತಡೆಯುತ್ತದೆ. ರೋಗಾಣುಗಳಿಗೆ ಕಬ್ಬಿಣ ಸಿಗದಂತೆ ಮಾಡುವ ಉಪಾಯ ಇದೆಂದು ವಿದ್ವಾಂಸರ ಅಭಿಪ್ರಾಯ. ಕೆಲವು ದಿನಗಳ ಜ್ವರದಲ್ಲಿ ಇದು ಹಿತವೇ ಸರಿ. ಆದರೆ ತಿಂಗಳುಗಟ್ಟಲೆ ಮಾಯದ ಹುಣ್ಣಿರುವವನಲ್ಲಿ ಬೀಗ ತೆರೆಯುವುದೇ ಇಲ್ಲ. ಕಣಜ ತುಂಬಿದ್ದರೂ ಮನೆ ಉಪವಾಸ. ಹೀಗೆ ಹುಣ್ಣಿನಿಂದ ರಕ್ತಹೀನತೆ, ರಕ್ತಹೀನತೆಯಿಂದ ಹುಣ್ಣು ಮಾಯಲು ವಿಳಂಬ ಎಂಬ ಗಾಣ ತಿರುಗತೊಡಗುತ್ತದೆ.

ಮೂರನೆಯ ಕಾರಣ ಔಷಧದಲ್ಲಿದೆ. ಮಧುಮೇಹಿಗಳು ಬಹುವಾಗಿ ಸೇವಿಸುವ ಮೆಟ್‌ಫಾರ್ಮಿನ್ ಮಾತ್ರೆಯು ದೀರ್ಘಕಾಲದಲ್ಲಿ ಬಿ12 ಜೀವಸತ್ವವನ್ನು ಕರುಳು ಹೀರಿಕೊಳ್ಳುವುದಕ್ಕೆ ಅಡ್ಡಿಯಾಗಬಲ್ಲದೆಂದು 1971ರಲ್ಲಿಯೇ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ವರದಿಯಾಗಿತ್ತು. ಬಿ12ರ ಕೊರತೆಯು ರಕ್ತವನ್ನು ಬಡವಾಗಿಸುವುದಲ್ಲದೆ ನರಗಳನ್ನೂ ಕೆಡಿಸುತ್ತದೆ. ಕಾಲು ಜೋಮು ಹಿಡಿದರೆ ಸಕ್ಕರೆಯಿಂದಲೇ ಎಂದುಕೊಂಡು ಸುಮ್ಮನಿರುವ ರೋಗಿಯಲ್ಲಿ ಈ ಎರಡನೆಯ ಕಳ್ಳನೂ ಅಡಗಿರಬಹುದು. ಹಾಲು-ಮೊಸರನ್ನೂ ಅಷ್ಟಾಗಿ ಬಳಸದ ಸಸ್ಯಾಹಾರಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಹಾಗೆಂದು ಯಾರೂ ತಾವಾಗಿಯೇ ಮಾತ್ರೆಯನ್ನು ನಿಲ್ಲಿಸಬಾರದು. ಬಿ12ರ ಕೊರತೆಯನ್ನು ಕಂಡುಹಿಡಿಯುವುದೂ ತುಂಬುವುದೂ ಸುಲಭ.

ಗಾಯ ಮಾಯುವುದಕ್ಕೂ ಕೆಂಪುಕಣಗಳಿಗೂ ಇರುವ ಸಂಬಂಧವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಗಾಯವೆಂದರೆ ಬಿದ್ದ ಗೋಡೆ. ಅದನ್ನು ಮತ್ತೆ ಕಟ್ಟಲು ಬೇಕಾದ ನಾರಿನಂತಹ ಪದಾರ್ಥಕ್ಕೆ ಕೊಲಾಜೆನ್ ಎಂದು ಹೆಸರು. ಅದರ ಎಳೆಗಳು ಗಟ್ಟಿಯಾಗಿ ಹೆಣೆದುಕೊಳ್ಳಬೇಕಾದರೆ ಆಮ್ಲಜನಕ, ಕಬ್ಬಿಣ, ಸಿ ಜೀವಸತ್ವ ಮೂರೂ ಬೇಕು. ಗಾಯಕ್ಕೆ ನುಗ್ಗುವ ರೋಗಾಣುಗಳನ್ನು ಕೊಲ್ಲುವ ಬಿಳಿಕಣಗಳು ತಮ್ಮ ಅಸ್ತ್ರವನ್ನು ತಯಾರಿಸುವುದು ಕೂಡ ಆಮ್ಲಜನಕದಿಂದಲೇ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಥಾಮಸ್ ಹಂಟ್ ಎಂಬ ಶಸ್ತ್ರವೈದ್ಯರು 1960ರ ದಶಕದಿಂದ ಮೊದಲುಗೊಂಡು ಗಾಯದಲ್ಲಿನ ಆಮ್ಲಜನಕವನ್ನು ಅಳೆದು ಈ ವಿಷಯವನ್ನು ಬೆಳಕಿಗೆ ತಂದರು.

ಇಲ್ಲಿ ಒಂದು ಸೋಜಿಗವಿದೆ. 1991ರಲ್ಲಿ ಹಂಟ್ ಅವರ ಬಳಗದವರೇ ಶಸ್ತ್ರಚಿಕಿತ್ಸೆಯಾದ ರೋಗಿಗಳನ್ನು ಪರೀಕ್ಷಿಸಿ, ಸಾಧಾರಣ ರಕ್ತಹೀನತೆಯಿದ್ದರೂ ಗಾಯದ ಕಡೆಗೆ ರಕ್ತದ ಹರಿವು ಚೆನ್ನಾಗಿದ್ದರೆ ಕೊಲಾಜೆನ್ ಬೆಳೆಯುವುದಕ್ಕೆ ಬಾಧೆಯಿಲ್ಲ ಎಂದು ಕಂಡರು. ರಕ್ತ ತೆಳುವಾದಾಗ ಆರೋಗ್ಯವಂತನ ಹೃದಯವು ಬೇಗ ಬೇಗ ಬಡಿಯುತ್ತದೆ, ನಾಳಗಳು ಹಿಗ್ಗುತ್ತವೆ, ಅಂಗಾಂಶಗಳು ಬಂದ ಆಮ್ಲಜನಕದಲ್ಲಿ ಹೆಚ್ಚು ಪಾಲನ್ನು ಎಳೆದುಕೊಳ್ಳುತ್ತವೆ. ಹೀಗೆ ಕೊರತೆ ತುಂಬಿಹೋಗುತ್ತದೆ. ಹಾಗಾದರೆ ರಕ್ತಹೀನತೆಗೂ ಹುಣ್ಣಿಗೂ ಸಂಬಂಧವೇ ಇಲ್ಲವೆ?

ಇದೆ. ಆದರೆ ಆ ಸಂಬಂಧ ಪಾದದ ಸ್ಥಿತಿಯನ್ನು ಅವಲಂಬಿಸಿದೆ. ನಮ್ಮ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆರೆಯಲ್ಲಿ ನೀರು ಕಡಿಮೆಯಿದ್ದರೂ ಕಾಲುವೆ ಚೊಕ್ಕಟವಾಗಿದ್ದರೆ ಕೊನೆಯ ಗದ್ದೆಗೂ ಹೇಗೋ ನೀರು ಮುಟ್ಟುತ್ತದೆ. ಕಾಲುವೆಯಲ್ಲಿ ಹೂಳಿದ್ದರೂ ಕೆರೆ ತುಂಬಿದ್ದರೆ ನೀರು ತಳ್ಳಿಕೊಂಡು ಹೋಗಬಹುದು. ಕೆರೆಯೂ ಬತ್ತಿ ಕಾಲುವೆಯೂ ಹೂಳು ತುಂಬಿದ ವರ್ಷ ತೂಬಿನ ಬಳಿಯ ಗದ್ದೆ ಹೇಗೋ ಉಳಿದೀತು, ಕೊನೆಯ ಗದ್ದೆ ಒಣಗುತ್ತದೆ. ದೇಹದಲ್ಲಿ ಪಾದವು ಆ ಕೊನೆಯ ಗದ್ದೆ. ಮಧುಮೇಹಿಯ ಕಾಲಿನ ನಾಳಗಳು ಗಟ್ಟಿಯಾಗಿ ಕಿರಿದಾಗಿರುತ್ತವೆ. ಬೇಕೆಂದಾಗ ಹಿಗ್ಗುವ ಶಕ್ತಿ ಅವಕ್ಕೆ ಇರುವುದಿಲ್ಲ. ಅದರ ಮೇಲೆ ರಕ್ತವೂ ಬಡವಾದರೆ ಆರೋಗ್ಯವಂತನು ತಾಳಿಕೊಳ್ಳುವ ಕೊರತೆಯನ್ನು ಆ ಪಾದ ತಾಳಿಕೊಳ್ಳಲಾರದು. ಹಲವು ದೇಶಗಳ ಆಸ್ಪತ್ರೆಗಳ ಅನುಭವವೂ ಇದನ್ನೇ ಹೇಳುತ್ತದೆ. ಪಾದದ ಹುಣ್ಣು ಹೆಚ್ಚು ಆಳವಾಗಿರುವ ರೋಗಿಗಳಲ್ಲಿ ಹಿಮೋಗ್ಲೋಬಿನ್ ಹೆಚ್ಚು ಕೆಳಗಿರುತ್ತದೆ; ಅಂಥವರಲ್ಲಿ ಕಾಲು ಕತ್ತರಿಸಬೇಕಾಗುವ ಪ್ರಸಂಗವೂ ಮರಣವೂ ಹೆಚ್ಚು.

ಇಲ್ಲಿಯವರೆಗೆ ಕೇಳಿದವರಿಗೆ ಪರಿಹಾರ ಸುಲಭವೆಂದು ತೋರಬಹುದು. ರಕ್ತ ಕಡಿಮೆಯೆಂದಾದರೆ ಹೆಚ್ಚಿಸಿದರಾಯಿತು. ಎರಿತ್ರೋಪೊಯೆಟಿನ್ನಿನ ಚುಚ್ಚುಮದ್ದು ಇದ್ದೇ ಇದೆಯಲ್ಲ! ವೈದ್ಯರಿಗೂ ಹಾಗೆಯೇ ತೋರಿತ್ತು. 24 ದೇಶಗಳಲ್ಲಿ ಮಧುಮೇಹ, ಮೂತ್ರಪಿಂಡದ ರೋಗ, ರಕ್ತಹೀನತೆ ಮೂರೂ ಇದ್ದ 4,038 ರೋಗಿಗಳ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಅರ್ಧ ಜನರಿಗೆ ಆ ಬಗೆಯ ಔಷಧ ಕೊಟ್ಟು ಹಿಮೋಗ್ಲೋಬಿನ್ನನ್ನು ಡೆಸಿಲೀಟರಿಗೆ 13 ಗ್ರಾಂ ಸುಮಾರಿಗೆ ಏರಿಸಲು ಯತ್ನಿಸಿದರು. 2009ರಲ್ಲಿ ಹೊರಬಂದ ಫಲಿತಾಂಶ ಎಲ್ಲರನ್ನೂ ಚಿಂತೆಗೀಡುಮಾಡಿತು. ಮರಣವಾಗಲಿ ಹೃದ್ರೋಗವಾಗಲಿ ಕಡಿಮೆಯಾಗಲಿಲ್ಲ. ಪಾರ್ಶ್ವವಾಯುವಿಗೆ ತುತ್ತಾದವರು ಔಷಧ ಪಡೆದವರಲ್ಲಿ 101, ಪಡೆಯದವರಲ್ಲಿ 53. ಆ ಪರೀಕ್ಷೆ ಪಾದದ ಹುಣ್ಣಿಗಾಗಿ ನಡೆಸಿದ್ದಲ್ಲ ಎಂಬುದು ನಿಜ. ಆದರೂ ಅದು ಕಲಿಸಿದ ಪಾಠ ಇಲ್ಲಿಗೂ ಸಲ್ಲುತ್ತದೆ. ರಕ್ತಹೀನತೆಯು ಒಂದೇ ಕಾರಣದಿಂದ ಬರುವ ರೋಗವಲ್ಲ. ಆದ್ದರಿಂದ ಒಂದೇ ಔಷಧದಿಂದ ಹೋಗುವುದೂ ಇಲ್ಲ. ಸಂಖ್ಯೆಯನ್ನು ಬಲವಂತವಾಗಿ ಏರಿಸುವುದು ಬೇರೆ, ಕಾರಣವನ್ನು ಹುಡುಕಿ ಸರಿಪಡಿಸುವುದು ಬೇರೆ.

ಇನ್ನು ನಮ್ಮ ದೇಶದ ಸ್ಥಿತಿಗೆ ಬರೋಣ. ರಕ್ತಹೀನತೆಯ ಇತಿಹಾಸದಲ್ಲಿ ಭಾರತಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಅಲ್ಲಿನ ಗರ್ಭಿಣಿಯರನ್ನು, ಅವರಲ್ಲಿಯೂ ಬಟ್ಟೆ ಗಿರಣಿಯ ಕೆಲಸಗಾರ್ತಿಯರನ್ನು ಕಾಡುತ್ತಿದ್ದ ರಕ್ತಹೀನತೆಯನ್ನು ಅಭ್ಯಾಸಮಾಡಿದರು. ಅದು ಬಡವರ ಆಹಾರದಲ್ಲಿನ ಯಾವುದೋ ಕೊರತೆಯಿಂದ ಬರುವುದೆಂದು ಕಂಡುಕೊಂಡು, ಯೀಸ್ಟಿನ ಸಾರದಿಂದ ಗುಣಪಡಿಸಿದರು. ಆ ಕೊರತೆಯ ಪದಾರ್ಥಕ್ಕೆ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಇನ್ನೊಂದು ಕಾರಣವೆಂದರೆ ಕೊಕ್ಕೆಹುಳು. ಸ್ವಿಟ್ಜರ್ಲೆಂಡಿನ ಗೋಥಾರ್ಡ್ ಸುರಂಗವನ್ನು ಕೊರೆಯುತ್ತಿದ್ದ ಕೂಲಿಗಳು 1880ರಲ್ಲಿ ಗುಂಪುಗುಂಪಾಗಿ ಬಿಳಿಚಿ ಸತ್ತಾಗ ಈ ಹುಳುವೇ ಕಾರಣವೆಂದು ತಿಳಿಯಿತು. ಅದು ಮಣ್ಣಿನಿಂದ ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರುತ್ತದೆಂಬುದನ್ನು ಆ ಶತಮಾನದ ಕೊನೆಯಲ್ಲಿ ಈಜಿಪ್ಟಿನಲ್ಲಿದ್ದ ಲೂಸ್ ಎಂಬ ವಿಜ್ಞಾನಿಯು ಕಂಡುಹಿಡಿದನು. ಬರಿಗಾಲು ಎರಡು ಕಡೆಯಿಂದ ಅಪಾಯಕ್ಕೆ ಬಾಗಿಲಾಗುವುದನ್ನು ಗಮನಿಸಬೇಕು. ಮುಳ್ಳು, ಕಲ್ಲು, ಕಾದ ನೆಲ ಅದನ್ನು ಗಾಯಗೊಳಿಸುತ್ತವೆ. ಅದರ ಮೂಲಕವೇ ಒಳಹೊಕ್ಕ ಹುಳುವು ಆ ಗಾಯವನ್ನು ಮಾಯಿಸಬೇಕಾದ ರಕ್ತವನ್ನು ಹೀರುತ್ತದೆ.

ಭಾರತದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57, ಅದೇ ವಯಸ್ಸಿನ ಗಂಡಸರಲ್ಲಿ ಶೇಕಡ 25 ಮಂದಿ ರಕ್ತಹೀನರು. ಶ್ರೀಮಂತ ದೇಶಗಳಲ್ಲಿ ಮಧುಮೇಹಿಯ ರಕ್ತವು ಬಹುಮಟ್ಟಿಗೆ ಮೂತ್ರಪಿಂಡ ಸೋತ ಮೇಲೆ ಬಡವಾಗುತ್ತದೆ. ನಮ್ಮಲ್ಲಿ ಅನೇಕರು, ಅದರಲ್ಲಿಯೂ ಹೆಂಗಸರು, ಮಧುಮೇಹ ಬರುವ ಮೊದಲೇ ಬಡವಾದ ರಕ್ತವನ್ನು ಹೊತ್ತಿರುತ್ತಾರೆ. ಮನೆಮಂದಿಗೆಲ್ಲ ಬಡಿಸಿ ಉಳಿದುದನ್ನು ಉಣ್ಣುವ ತಾಯಿಗೆ ಕಾಲಿನಲ್ಲಿ ಗಾಯವಾದರೆ, ಅವಳು ಅದನ್ನು ಸೀರೆಯ ಅಂಚಿನಲ್ಲಿ ಮರೆಮಾಡಿ ಕೆಲಸಮಾಡುತ್ತಾಳೆ. ನೋವೂ ಇಲ್ಲದಿದ್ದರೆ ಅವಳಿಗೇ ಅದು ತಿಳಿದಿರುವುದಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕೂ ಉಂಟು. ಕಳೆದ ಎರಡು ಮೂರು ತಿಂಗಳುಗಳ ಸಕ್ಕರೆಯ ಹತೋಟಿಯನ್ನು ಇಂದು 'ಎಚ್‌ಬಿ ಎ1ಸಿ' ಎಂಬ ಪರೀಕ್ಷೆಯಿಂದ ಅಳೆಯುತ್ತಾರೆ. ಇದರ ಮೂಲವು ಇರಾನಿನ ಸ್ಯಾಮ್ಯುಯೆಲ್ ರಹಬಾರ್ ಅವರು 1968ರಲ್ಲಿ ಮಧುಮೇಹಿಗಳ ಹಿಮೋಗ್ಲೋಬಿನ್ನಿನಲ್ಲಿ ಕಂಡ ಒಂದು ವ್ಯತ್ಯಾಸದಲ್ಲಿದೆ. ಅಳತೆಗೋಲು ಹಿಮೋಗ್ಲೋಬಿನ್ನೇ ಆಗಿರುವುದರಿಂದ ರಕ್ತಹೀನತೆಯು ಆ ಅಳತೆಯನ್ನೇ ತಪ್ಪಿಸಬಲ್ಲದು. ಕಬ್ಬಿಣದ ಕೊರತೆಯಿದ್ದರೆ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ತೋರಬಹುದು; ರಕ್ತಸ್ರಾವವಾಗಿದ್ದರೆ ಅಥವಾ ಕಣಗಳು ಬೇಗ ನಾಶವಾಗುತ್ತಿದ್ದರೆ ಕಡಿಮೆಯಾಗಿ ತೋರಬಹುದು. ಕಡಿಮೆ ಅಂಕಿಯನ್ನು ಕಂಡು ನೆಮ್ಮದಿಯಿಂದಿರುವ ರೋಗಿಯ ಪಾದವು ಒಳಗೊಳಗೇ ಕೆಡುತ್ತಿರಬಹುದು.

ಹಾಗಾದರೆ ಮಾಡಬೇಕಾದುದೇನು? ಪಾದದ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಹೋದ ಪ್ರತಿಯೊಬ್ಬ ಮಧುಮೇಹಿಯೂ ತನ್ನ ಹಿಮೋಗ್ಲೋಬಿನ್ ಎಷ್ಟಿದೆಯೆಂದು ವೈದ್ಯರನ್ನು ಕೇಳಬೇಕು. ಕಡಿಮೆಯಿದ್ದರೆ ಏಕೆ ಕಡಿಮೆಯೆಂದು ತಿಳಿಯಬೇಕು. ಕಬ್ಬಿಣದ ಸಂಗ್ರಹ, ಬಿ12, ಮೂತ್ರಪಿಂಡದ ಶಕ್ತಿ, ಹೊಟ್ಟೆ-ಕರುಳಿನಲ್ಲಿ ಕಾಣದ ರಕ್ತಸ್ರಾವ, ಹುಳುಬಾಧೆ, ಹುಣ್ಣಿನ ಸೋಂಕು ಇವುಗಳಲ್ಲಿ ಯಾವುದೆಂದು ಗೊತ್ತಾದ ಮೇಲೆಯೇ ಔಷಧ. ಅಂಗಡಿಯಿಂದ ಟಾನಿಕ್ಕಿನ ಸೀಸೆ ತಂದು ಕುಡಿದು ಸಮಾಧಾನಪಟ್ಟುಕೊಳ್ಳುವುದು ಸಲ್ಲದು. ಬೀಗ ಹಾಕಿದ ಕಣಜಕ್ಕೆ ಇನ್ನಷ್ಟು ಧಾನ್ಯ ಸುರಿದಂತಾದೀತು. ಕಾಲಿನ ನಾಳಗಳಲ್ಲಿ ರಕ್ತ ಹರಿಯುತ್ತಿದೆಯೆ ಎಂದು ಪರೀಕ್ಷಿಸಿಕೊಳ್ಳುವುದು ಅಷ್ಟೇ ಮುಖ್ಯ. ದಿನವೂ ಮಲಗುವ ಮುನ್ನ ಅಂಗಾಲನ್ನು, ಬೆರಳ ಸಂದುಗಳನ್ನು ನೋಡಿಕೊಳ್ಳಬೇಕು. ಕಣ್ಣು ಮಂಜಾದವರು ಮನೆಯವರಿಂದ ನೋಡಿಸಿಕೊಳ್ಳಬೇಕು. ಮನೆಯೊಳಗೂ ಮೆತ್ತನೆಯ ಚಪ್ಪಲಿ ಧರಿಸುವುದಕ್ಕೆ ಸಂಕೋಚಪಡಬಾರದು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಬಿಸಿನೀರಿನಲ್ಲಿ ಕಾಲಿಡುವುದು ಬೇಡವೇ ಬೇಡ.

ಎರಡು ಸಾವಿರ ವರ್ಷಗಳ ಈ ಕಥೆಯಲ್ಲಿ ಜ್ಞಾನಕ್ಕೆ ಬರವಿರಲಿಲ್ಲ. ಹುಣ್ಣನ್ನು ಕಂಡವರಿದ್ದರು, ಜೋಮನ್ನು ಗುರುತಿಸಿದವರಿದ್ದರು, ಬಿಳಿಚಿದ ರೆಪ್ಪೆಯನ್ನು ಬಿಡಿಸಿ ನೋಡಿದವರಿದ್ದರು. ಅವರವರ ಅಧ್ಯಾಯದಲ್ಲಿ ಅವರವರು ಸರಿಯಾಗಿಯೇ ಬರೆದರು. ಇಂದಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಕಾಲು ಒಂದು ವಿಭಾಗಕ್ಕೆ, ಮೂತ್ರಪಿಂಡ ಇನ್ನೊಂದಕ್ಕೆ, ಸಕ್ಕರೆ ಮತ್ತೊಂದಕ್ಕೆ ಸೇರಿದೆ. ಮೂರು ಚೀಟಿಗಳನ್ನು ಹಿಡಿದು ಅಲೆಯುವವನು ಮಾತ್ರ ಒಬ್ಬನೇ. ಆ ಮೂರು ಚೀಟಿಗಳನ್ನು ಒಬ್ಬ ವೈದ್ಯರ ಮುಂದೆ ಒಟ್ಟಿಗೆ ಹರವಿ, 'ಇವುಗಳನ್ನು ಸೇರಿಸಿ ನೋಡಿ' ಎಂದು ಕೇಳುವ ಧೈರ್ಯ ರೋಗಿಗೂ ಅವನ ಮನೆಯವರಿಗೂ ಬರಬೇಕು. ಕೇಳಿದಾಗ ಬೇಸರಪಡದೆ ನೋಡುವ ತಾಳ್ಮೆ ವೈದ್ಯರಿಗೂ ಬರಬೇಕು. ಅಷ್ಟಾದರೆ ಕತ್ತರಿಸಬೇಕಾಗಿದ್ದ ಎಷ್ಟೋ ಕಾಲುಗಳು ಉಳಿದು, ತಮ್ಮ ಮನೆಯ ಹೊಸಿಲನ್ನು ತಾವೇ ದಾಟಿಯಾವು.